ತಿರುಗಿ ಬಂದ ಕಾಗದ

ಕೋಲಾರದಿಂದ ಮುಳಬಾಗಿಲಿಗೆ ಹೋಗುವ ಹೆದ್ದಾರಿಯಲ್ಲಿ ದೇವರಾಯಸಮುದ್ರ ಸಿಗುತ್ತದೆ. ಹೆಸರು ಸಮುದ್ರದ್ದು, ನೀರು ಕೆರೆಯದ್ದು. ನಮ್ಮ ಬಯಲುಸೀಮೆಯಲ್ಲಿ ಕೆರೆ ಕಟ್ಟಿಸಿದವರು ಸಣ್ಣ ಹೆಸರಿಗೆ ಒಪ್ಪುತ್ತಿರಲಿಲ್ಲ. ಆ ಊರಿನ ಗೆಳೆಯನೊಬ್ಬನೂ ನಾನೂ ಸೇರಿ ಸುತ್ತಲಿನ ಕೆರೆ, ತೂಬು, ವೀರಗಲ್ಲುಗಳ ಬಗ್ಗೆ ಹಿರಿಯರು ಹೇಳಿದ್ದನ್ನು ಬರೆದುಕೊಂಡು ತಿಂಗಳಿಗೊಮ್ಮೆ ನೂರಿಪ್ಪತ್ತು ಜನಕ್ಕೆ ಇಮೇಲಿನಲ್ಲಿ ಕಳಿಸುತ್ತೇವೆ. ಯಾರ ಹಂಗೂ ಬೇಡವೆಂದು ಬಾಡಿಗೆ ಯಂತ್ರವೊಂದರಲ್ಲಿ ನಮ್ಮದೇ ಮೇಲ್ ಸರ್ವರ್ ಹೂಡಿದೆವು. ಮೊದಲ ಸಂಚಿಕೆಯಲ್ಲಿ ಅರ್ಧಕ್ಕರ್ಧ ಕಾಗದ ತಿರುಗಿ ಬಂದವು. ಕೆರೆಯ ಕತೆ ಹೇಳಿದ ನಿವೃತ್ತ ಮೇಷ್ಟ್ರಿಗೂ ಅದು ತಲುಪಲಿಲ್ಲ. ತಾವು ಹೇಳಿದ್ದು ನಮಗೆ ಹಿಡಿಸಲಿಲ್ಲವೆಂದು ಅವರು ಸುಮ್ಮನಾದರು. ನಾವು ಬರೆದದ್ದು ಅವರಿಗೆ ಹಿಡಿಸಲಿಲ್ಲವೆಂದು ನಾವೂ ಸುಮ್ಮನಾದೆವು. ಮೂರು ತಿಂಗಳು ಹಾಗೇ ಕಳೆಯಿತು.

ಸ್ವಂತ ಅಂಚೆಯ ಆಸೆ ಮೈಸೂರು ಸೀಮೆಗೆ ಹೊಸದಲ್ಲ. 1672ರಲ್ಲಿ ಚಿಕ್ಕದೇವರಾಜ ಒಡೆಯರು ಅಂಚೆಯನ್ನು ಆರಂಭಿಸಿದರೆಂದು ಹೇಳುತ್ತಾರೆ. ಅವರ ಹದಿನೆಂಟು ಕಚೇರಿಗಳಲ್ಲಿ, ಅಂದರೆ ಅಠಾರ ಕಚೇರಿಯಲ್ಲಿ, ಅಂಚೆಯದೂ ಒಂದು. ಕಾಗದ ಸಾಗಿಸುವವರೇ ಊರೂರಿನ ಸುದ್ದಿಯನ್ನು ಅರಮನೆಗೆ ಮುಟ್ಟಿಸಬೇಕಿತ್ತು. ಹಾಗಾಗಿ ಅದು ಟಪ್ಪಾಲೂ ಹೌದು, ಬೇಹೂ ಹೌದು. ಇನ್ನೂರಕ್ಕೂ ಹೆಚ್ಚು ವರ್ಷ ನಡೆದ ಈ ಅಂಚೆ 1889ರಲ್ಲಿ ಬ್ರಿಟಿಷ್ ಇಂಡಿಯಾದ ಅಂಚೆಯಲ್ಲಿ ಸೇರಿಹೋಯಿತು. ನಂಗಲಿಯ ಆಚೆಗೆ ಹೋಗುವ ಕಾಗದಕ್ಕೆ ಆಚೆಯವರ ಕೈ ಬೇಕೇ ಬೇಕು. ನಮ್ಮ ಸರ್ವರಿನ ಪಾಡೂ ಅಷ್ಟೆ. ನಮ್ಮ ಅಂಗಳದಲ್ಲಿ ನಾವೇ ರಾಜರು; ಆಚೆ ಮನೆಯ ಬಾಗಿಲು ತೆಗೆಯುವುದು ಮಾತ್ರ ಆಚೆಯವರು.

ಆಚೆಯವರು ಏನು ಹೇಳಿದರು ಎಂಬುದು ಸರ್ವರಿನ ಲಾಗ್ ಕಡತದಲ್ಲಿ ಇರುತ್ತದೆ. ಪ್ರತಿ ಕಾಗದಕ್ಕೂ ಮೂರಂಕಿಯ ಒಂದು ಉತ್ತರ. 2ರಿಂದ ಶುರುವಾದರೆ ತೆಗೆದುಕೊಂಡೆವು, 4ರಿಂದಾದರೆ ಆಮೇಲೆ ಬಾ, 5ರಿಂದಾದರೆ ಬರಲೇಬೇಡ. ಜಾನ್ ಪೋಸ್ಟೆಲ್ 1982ರ ಆಗಸ್ಟಿನಲ್ಲಿ ಬರೆದ ಎಸ್‌ಎಂಟಿಪಿ ನಿಯಮಾವಳಿಯಲ್ಲೇ ಈ ಅಂಕಿಗಳಿವೆ. ಮೇಲ್ ಸಾಗಿಸುವ ಯಂತ್ರಗಳು ಇಂದಿಗೂ ಆಡುವುದು ಆ ನುಡಿಯನ್ನೇ. ಮೊದಲು ತನ್ನ ಹೆಸರು ಹೇಳಬೇಕು, ಆಮೇಲೆ ಯಾರಿಂದ, ಯಾರಿಗೆ, ಕೊನೆಗೆ ಒಳಗಿನ ಬರಹ. ಹೇಳಿದ ಹೆಸರು ನಿಜವೇ ಎಂದು ವಿಚಾರಿಸುವ ಕ್ರಮ ಅದರಲ್ಲಿರಲಿಲ್ಲ. ಬೇಕಾಗಿಯೂ ಇರಲಿಲ್ಲ. ಅಂದಿನ ಜಾಲದಲ್ಲಿದ್ದದ್ದು ವಿಶ್ವವಿದ್ಯಾಲಯಗಳು, ಪ್ರಯೋಗಾಲಯಗಳು. ಭಾರತದಲ್ಲೂ ಹಾಗೇ: 1986ರಲ್ಲಿ ಅರ್ನೆಟ್ ಯೋಜನೆ ಶುರುವಾದಾಗ ಅದರಲ್ಲಿದ್ದದ್ದು ಎಂಟೇ ಸಂಸ್ಥೆಗಳು, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಅವುಗಳಲ್ಲೊಂದು. ಎಂಟು ಮನೆಯ ಬೀದಿಯಲ್ಲಿ ಬಾಗಿಲಿಗೆ ಚಿಲಕ ಯಾರು ಹಾಕುತ್ತಾರೆ?

ಬೀದಿ ಊರಾಯಿತು, ಊರು ಸಂತೆಯಾಯಿತು. ಬೇಡದ ಜಾಹೀರಾತು ಮೇಲ್ 1978ರಲ್ಲೇ ಒಮ್ಮೆ ಬಂದಿತ್ತು, ಡಿಜಿಟಲ್ ಕಂಪನಿಯ ಗ್ಯಾರಿ ಥರ್ಕ್ ಕಳಿಸಿದ್ದು. ಆಗ ಬೈದು ಬಿಟ್ಟಿದ್ದರು. ತೊಂಬತ್ತರ ದಶಕದಲ್ಲಿ ಬೈದು ಪೂರೈಸಲಿಲ್ಲ. ಆಮೇಲೆ ಒಂದೊಂದೇ ಚಿಲಕ ಬಂತು: ಯಾವ ಯಂತ್ರ ನನ್ನ ಪರವಾಗಿ ಕಳಿಸಬಹುದೆಂದು ಸಾರುವ ಎಸ್‌ಪಿಎಫ್ 2006ರಲ್ಲಿ, ಕಾಗದಕ್ಕೆ ಮುದ್ರೆ ಒತ್ತುವ ಡಿಕಿಮ್ 2007ರಲ್ಲಿ, ಎರಡೂ ಸುಳ್ಳಾದರೆ ಏನು ಮಾಡಬೇಕೆಂದು ತಿಳಿಸುವ ಡಿಮಾರ್ಕ್ 2015ರಲ್ಲಿ ನಿಯಮಾವಳಿಗಳಾಗಿ ಪ್ರಕಟವಾದವು. 2024ರ ಫೆಬ್ರವರಿಯಿಂದ ಗೂಗಲ್ ಮತ್ತು ಯಾಹೂ ಇಂಥ ಗುರುತುಗಳನ್ನು ಕಡ್ಡಾಯ ಮಾಡಿದವು.

ನಾವು ಇದೊಂದನ್ನೂ ಓದದೆ ಹೊರಟಿದ್ದೆವು. ಮೊದಲು ಅನುಮಾನಿಸಿದ್ದು ಎಂಎಕ್ಸ್ ದಾಖಲೆಯನ್ನು. ಒಂದು ಸಂಜೆ ಅದಕ್ಕೇ ಹೋಯಿತು, ವ್ಯರ್ಥವಾಗಿ. ಎಂಎಕ್ಸ್ ಹೇಳುವುದು ನಮಗೆ ಬರುವ ಕಾಗದದ ದಾರಿಯನ್ನು, ನಮ್ಮಿಂದ ಹೋಗುವುದರದ್ದಲ್ಲ. ತಪ್ಪು ಸಿಕ್ಕಿದ್ದು ಬೇರೆ ಎರಡು ಕಡೆ. ನಮ್ಮ ಯಂತ್ರ ತನ್ನ ಹೆಸರು ಒಂದು ಹೇಳುತ್ತಿತ್ತು. ಅದರ ಐಪಿ ಸಂಖ್ಯೆಯನ್ನು ಹಿಂದುಮುಂದಾಗಿ ಹುಡುಕಿದರೆ ಬಾಡಿಗೆ ಕೊಟ್ಟವರ ಹೆಸರು ಬರುತ್ತಿತ್ತು. ವಿಳಾಸ ದೇವರಾಯಸಮುದ್ರದ್ದು, ಅಂಚೆಯ ಠಸ್ಸೆ ಬೇರೆ ಊರಿನದು ಎಂದಂತೆ. ಈ ದಾಖಲೆ ತಿದ್ದುವ ಹಕ್ಕು ಸಂಖ್ಯೆಯ ಒಡೆಯರದು, ಆದ್ದರಿಂದ ಅವರನ್ನು ಕೇಳಿ ಮಾಡಿಸಿದೆವು. ಇನ್ನೊಂದು ನಮ್ಮದೇ ಅವಾಂತರ. ಹಳೆಯ ಎಸ್‌ಪಿಎಫ್ ಸಾಲನ್ನು ಅಳಿಸದೆ ಹೊಸದನ್ನು ಸೇರಿಸಿದ್ದೆವು. ಒಂದು ಹೆಸರಿಗೆ ಎರಡು ಎಸ್‌ಪಿಎಫ್ ಸಾಲುಗಳಿದ್ದರೆ ನಿಯಮದ ಪ್ರಕಾರ ಅದು ದೋಷ, ಎರಡೂ ಲೆಕ್ಕಕ್ಕಿಲ್ಲ. ತಿದ್ದಿದ ಮೇಲೆ ಕಾಗದಗಳು ಹೋಗತೊಡಗಿದವು.

ಮೇಷ್ಟ್ರೊಬ್ಬರಿಗೆ ಬಿಟ್ಟು.

ಅವರ ವಿಳಾಸ ತಾವು ಹಿಂದೆ ಕೆಲಸ ಮಾಡಿದ ಸಂಸ್ಥೆಯದು. ಅಲ್ಲಿನ ಹಳೆಯ ಸರ್ವರ್ ಬಂದದ್ದನ್ನು ಅವರ ಈಗಿನ ಪೆಟ್ಟಿಗೆಗೆ ದಾಟಿಸುತ್ತದೆ. ಲಾಗ್‌ನಲ್ಲಿ 250 ಎಂದಿದೆ, ಅಂದರೆ ತೆಗೆದುಕೊಂಡಿದ್ದಾರೆ. ಗೆಳೆಯ ಇಂಗ್ಲಿಷಿನಲ್ಲಿ ಎರಡು ಸಾಲು ಪರೀಕ್ಷೆಗೆ ಕಳಿಸಿದ, ಕೂಡಲೇ ತಲುಪಿತು. ಕನ್ನಡದ್ದು ಕಳಿಸಿದ, ಸ್ಪ್ಯಾಮಿಗೆ ಹೋಯಿತು. ಮತ್ತೆ ಇಂಗ್ಲಿಷ್, ತಲುಪಿತು. ಕನ್ನಡಕ್ಕೇ ಬಹಿಷ್ಕಾರವೇ ಎಂದು ನಾವು ಸ್ವಲ್ಪ ಹೊತ್ತು ರೇಗಿಕೊಂಡದ್ದೂ ಉಂಟು.

ಕಾರಣ 1982ರಲ್ಲಿತ್ತು. ಪೋಸ್ಟೆಲ್ಲರ ಅಂಚೆ ಏಳು ಬಿಟ್‌ಗಳ ಅಕ್ಷರ ಮಾತ್ರ ಹೊರುತ್ತಿತ್ತು. ಒಟ್ಟು 128 ಸಂಕೇತ, ಇಂಗ್ಲಿಷಿಗೆ ಅಷ್ಟು ಸಾಕು. ಯುನಿಕೋಡಿನ ಯುಟಿಎಫ್-8 ಬರಹದಲ್ಲಿ ನಮ್ಮ 'ಕ' ಮೂರು ಬೈಟುಗಳು, ಮೂರಕ್ಕೂ ಎಂಟನೆಯ ಬಿಟ್ ಬೇಕು. ಎಂಟು ಬಿಟ್ ಹೊರಬಲ್ಲೆ ಎಂದು ಸರ್ವರ್ ಮುಂಚೆಯೇ ಹೇಳಿಕೊಳ್ಳುವ ಏರ್ಪಾಡು ಬಂದದ್ದು 1993ರಲ್ಲಿ. ಮೇಷ್ಟ್ರ ಸಂಸ್ಥೆಯ ಸರ್ವರ್ ಹಾಗೆ ಹೇಳುತ್ತಿರಲಿಲ್ಲ. ಆದ್ದರಿಂದ ನಮ್ಮ ಪೋಸ್ಟ್‌ಫಿಕ್ಸ್, ವೀಟ್ಸೆ ವೆನೆಮಾ ಬರೆದ ಬಲು ಶಿಸ್ತಿನ ತಂತ್ರಾಂಶ, ಕೊನೆ ಗಳಿಗೆಯಲ್ಲಿ ಕನ್ನಡವನ್ನು ಏಳು ಬಿಟ್ಟಿಗೆ ಬಗ್ಗಿಸಿ ಕಳಿಸುತ್ತಿತ್ತು. ಓದುವವರಿಗೆ ವ್ಯತ್ಯಾಸ ಕಾಣದು. ಆದರೆ ಡಿಕಿಮ್ ಮುದ್ರೆ ಬಿದ್ದದ್ದು ಅದಕ್ಕೂ ಮೊದಲು. ಮುದ್ರೆ ಒತ್ತಿದ ಮೇಲೆ ಒಳಗಿನ ಬೈಟು ಬದಲಾದರೆ ಮುದ್ರೆ ಒಡೆದಂತೆ. ದಾಟಿಸಿದ ಕಾಗದ ನಮ್ಮ ಯಂತ್ರದಿಂದ ಬಂದದ್ದಲ್ಲವಾದ್ದರಿಂದ ಎಸ್‌ಪಿಎಫ್ ಕೂಡ ಅಲ್ಲಿ ಕೈಕೊಡುತ್ತದೆ. ಎರಡು ಗುರುತೂ ಇಲ್ಲದ ಅನಾಥ ಕಾಗದ. ಇಂಗ್ಲಿಷಿನದು ಹುಟ್ಟಿನಿಂದಲೇ ಏಳು ಬಿಟ್, ಅದನ್ನು ಬಗ್ಗಿಸುವ ಪ್ರಮೇಯವೇ ಇಲ್ಲ. ಹಾಗಾಗಿ ಅದರ ಮುದ್ರೆ ಉಳಿಯುತ್ತಿತ್ತು. ಕನ್ನಡವನ್ನು ಯಾರೂ ಹೊರಗಿಟ್ಟಿರಲಿಲ್ಲ. ನಿಯಮ ಬರೆದ ದಿನ ಅದು ಯಾರ ನೆನಪಿನಲ್ಲೂ ಇರಲಿಲ್ಲ, ಅಷ್ಟೆ.

ಪರಿಹಾರ ಒಂದು ಸಾಲಿನದು. ಮುದ್ರೆ ಬೀಳುವ ಮೊದಲೇ ಬರಹವನ್ನು ಬೇಸ್64ಕ್ಕೆ ತಿರುಗಿಸಿಟ್ಟೆವು. ಅದು ಏಳು ಬಿಟ್ಟಿನಲ್ಲೇ ಇರುವುದರಿಂದ ದಾರಿಯಲ್ಲಿ ಯಾರೂ ಮುಟ್ಟುವುದಿಲ್ಲ. ಕಾಗದ ಮೂರನೆಯ ಒಂದು ಪಾಲಿನಷ್ಟು ದಪ್ಪವಾಗುತ್ತದೆ, ಆಗಲಿ.

ಮೂರು ತಿಂಗಳ ಹಿಂದಿನ ಸಂಚಿಕೆಯನ್ನು ಮೇಷ್ಟ್ರಿಗೆ ಮತ್ತೆ ಕಳಿಸಿದೆವು. ಮಾರನೆಯ ದಿನ ಬೆಳಗ್ಗೆ ಉತ್ತರ ಬಂತು, ನಾಲ್ಕೇ ಸಾಲು. ಮೂರನೆಯ ಪ್ಯಾರಾದಲ್ಲಿ ತೂಬನ್ನು ಕೆರೆಯ ಏರಿಯ ತಪ್ಪು ಬದಿಗೆ ಹಾಕಿದ್ದೀರಿ, ನಾನು ಹೇಳಿದ್ದು ಹಾಗಲ್ಲ, ಭಾನುವಾರ ಬನ್ನಿ ತೋರಿಸುತ್ತೇನೆ ಎಂದಿದ್ದರು.