'ಟೂ ಗುಡ್' ಅಂದ್ರೆ ಹೊಗಳಿಕೆಯೇ? ಇಂಗ್ಲಿಷ್‌ನಲ್ಲಿ ವೆರಿ, ಟೂ, ಸೋ ಬಳಸುವುದು ಹೀಗೆ

ಹೈದರಾಬಾದ್‌ನ ನಾರಾಯಣಗೂಡ ಎಂದರೆ ಕಾಲೇಜು, ಕೋಚಿಂಗ್ ಸೆಂಟರ್, ಹಾಸ್ಟೆಲ್‌ಗಳ ಪ್ರದೇಶ. ಪಕ್ಕದ ಹಿಮಾಯತ್‌ನಗರ, ಅಶೋಕ್‌ನಗರ ಸೇರಿದಂತೆ ಈ ಭಾಗಕ್ಕೆ ಬ್ಯಾಂಕ್, ಎಸ್‌ಎಸ್‌ಸಿ ಪರೀಕ್ಷೆಗಳ ತಯಾರಿಗೆಂದು ಬರುವವರಲ್ಲಿ ಬೀದರ್, ಕಲಬುರಗಿ, ರಾಯಚೂರು ಕಡೆಯ ಕನ್ನಡಿಗರೂ ಇದ್ದಾರೆ. 1956ರವರೆಗೆ ಹೈದರಾಬಾದ್ ರಾಜ್ಯದಲ್ಲೇ ಇದ್ದ ಈ ಜಿಲ್ಲೆಗಳಿಗೆ ಈ ನಗರ ಇಂದಿಗೂ ಹತ್ತಿರ. ರೂಮಿನಲ್ಲಿ ಕನ್ನಡ, ಬೀದಿಯಲ್ಲಿ ತೆಲುಗು ಮತ್ತು ದಖನಿ, ಪ್ರಶ್ನೆಪತ್ರಿಕೆಯಲ್ಲಿ ಇಂಗ್ಲಿಷ್. ಈ ಮೂರರ ನಡುವೆ ಓಡಾಡುವವರು ಹೆಚ್ಚಾಗಿ ಎಡವುವುದು ದೊಡ್ಡ ಪದಗಳಲ್ಲಲ್ಲ. ವೆರಿ, ಟೂ, ಸೋ ಎಂಬ ಪುಟ್ಟ ಪದಗಳಲ್ಲಿ.

ಏನಿದು ಇಂಟೆನ್ಸಿಫೈಯರ್?

ಒಂದು ಗುಣ ಎಷ್ಟರ ಮಟ್ಟಿಗೆ ಇದೆ ಎಂದು ಒತ್ತಿ ಹೇಳುವ ಪದವೇ ಇಂಟೆನ್ಸಿಫೈಯರ್. 'ಬಿಸಿ' ಎಂಬುದು ಗುಣ. 'ತುಂಬಾ ಬಿಸಿ' ಎಂದಾಗ 'ತುಂಬಾ' ಅದಕ್ಕೆ ಒತ್ತು ಕೊಡುತ್ತದೆ. ಕನ್ನಡದಲ್ಲಿ ಬಹಳ, ಬಲು, ವಿಪರೀತ, ಸಿಕ್ಕಾಪಟ್ಟೆ, ಭಾಳ ಎಲ್ಲವೂ ಇದೇ ಕೆಲಸ ಮಾಡುತ್ತವೆ.

ತೊಂದರೆ ಶುರುವಾಗುವುದು ಇಲ್ಲಿಯೇ. ಕನ್ನಡದ 'ತುಂಬಾ' ಒಂದೇ ಪದ ಗುಣದ ಮುಂದೆ, ಕ್ರಿಯಾಪದದ ಮುಂದೆ, ನಾಮಪದದ ಮುಂದೆ ಎಲ್ಲೆಡೆ ನಿಲ್ಲುತ್ತದೆ: ತುಂಬಾ ಚೆನ್ನಾಗಿದೆ, ತುಂಬಾ ಓದುತ್ತಾನೆ, ತುಂಬಾ ಜನ. ತೆಲುಗಿನ 'ಚಾಲಾ', ದಖನಿಯ 'ಬಹುತ್' ಕೂಡ ಹಾಗೆಯೇ. ಇಂಗ್ಲಿಷ್ ಮಾತ್ರ ಈ ಕೆಲಸವನ್ನು ಬೇರೆ ಬೇರೆ ಪದಗಳಿಗೆ ಹಂಚಿಕೊಟ್ಟಿದೆ. 'ತುಂಬಾ' ಇದ್ದಲ್ಲೆಲ್ಲ 'ವೆರಿ' ಅಥವಾ 'ಟೂ' ಹಾಕಿದರೆ ವಾಕ್ಯ ತಪ್ಪುತ್ತದೆ, ಕೆಲವೊಮ್ಮೆ ಅರ್ಥವೇ ಉಲ್ಟಾ ಆಗುತ್ತದೆ.

ವೆರಿ ಮತ್ತು ಟೂ: ಮಿತಿ ದಾಟಿದೆಯೇ ನೋಡಿ

ನಾರಾಯಣಗೂಡ ಮೆಟ್ರೋ ನಿಲ್ದಾಣದ ಉದಾಹರಣೆಯನ್ನೇ ತೆಗೆದುಕೊಳ್ಳಿ. 'ದಿ ಟ್ರೈನ್ ಈಸ್ ವೆರಿ ಕ್ರೌಡೆಡ್' ಎಂದರೆ ರೈಲಿನಲ್ಲಿ ತುಂಬಾ ಜನ ಇದ್ದಾರೆ, ಆದರೂ ಹತ್ತಬಹುದು. 'ದಿ ಟ್ರೈನ್ ಈಸ್ ಟೂ ಕ್ರೌಡೆಡ್' ಎಂದರೆ ಹತ್ತಲಾಗದಷ್ಟು ಜನ. ಮುಂದಿನ ರೈಲಿಗೆ ಕಾಯಬೇಕು. ವೆರಿ ಪ್ರಮಾಣವನ್ನು ಹೇಳುತ್ತದೆ, ಟೂ ಮಿತಿ ಮೀರಿದ್ದನ್ನು ಹೇಳುತ್ತದೆ. 'ಅತಿಯಾದರೆ ಅಮೃತವೂ ವಿಷ' ಎಂಬ ಗಾದೆಯ 'ಅತಿ'ಯೇ ಇಂಗ್ಲಿಷ್‌ನ 'ಟೂ'.

ಕೆಲಸ ಸಿಕ್ಕ ಖುಷಿಯಲ್ಲಿ 'ಐ ಆ್ಯಮ್ ಟೂ ಹ್ಯಾಪಿ ಟು ಜಾಯಿನ್' ಎಂದು ಇಮೇಲ್ ಬರೆದರೆ, ವ್ಯಾಕರಣದ ಪ್ರಕಾರ ಅದರ ಅರ್ಥ 'ಸೇರಲಾಗದಷ್ಟು ಖುಷಿಯಾಗಿದ್ದೇನೆ' ಎಂದಾಗುತ್ತದೆ. 'ವೆರಿ ಹ್ಯಾಪಿ ಟು ಜಾಯಿನ್' ಎನ್ನುವುದೇ ಸರಿ. 'ಓನ್ಲಿ ಟೂ ಹ್ಯಾಪಿ' ಎಂಬ ನುಡಿಗಟ್ಟು ಮಾತ್ರ ಇದಕ್ಕೆ ಹೊರತು. ಅದರ ಅರ್ಥ 'ಬಹಳ ಸಂತೋಷದಿಂದಲೇ' ಎಂದು.

ಹಾಗಾದರೆ ಸಿನಿಮಾ ನೋಡಿ 'ಟೂ ಗುಡ್' ಎನ್ನುವುದು? ಗೆಳೆಯರ ನಡುವೆ, ಭಾರತದ ಆಡುಮಾತಿನ ಇಂಗ್ಲಿಷ್‌ನಲ್ಲಿ ಅದು ಹೊಗಳಿಕೆಯಾಗಿ ಚಲಾವಣೆಯಲ್ಲಿದೆ. ಆದರೆ ಪರೀಕ್ಷೆ, ಅರ್ಜಿ, ಸಂದರ್ಶನದಲ್ಲಿ 'ವೆರಿ ಗುಡ್' ಬಳಸುವುದೇ ಕ್ಷೇಮ.

ಟೂ ಮಚ್, ಟೂ ಮೆನಿ

ಗುಣವಾಚಕದ ಮುಂದೆ ಬರೀ ಟೂ ಸಾಕು. ಎಣಿಸಲಾಗದ ನಾಮಪದಕ್ಕೆ ಟೂ ಮಚ್, ಎಣಿಸಬಹುದಾದದ್ದಕ್ಕೆ ಟೂ ಮೆನಿ. ಟೀ ಕುಡಿಯಲಾಗದಷ್ಟು ಬಿಸಿಯಾಗಿದ್ದರೆ 'ಟೂ ಹಾಟ್'. 'ಟೂ ಮಚ್ ಹಾಟ್' ತಪ್ಪು. ಫ್ಲೈಓವರ್ ಮೇಲಿನ ವಾಹನ ದಟ್ಟಣೆಗೆ 'ಟೂ ಮಚ್ ಟ್ರಾಫಿಕ್', ಆಟೋಗಳಿಗೆ 'ಟೂ ಮೆನಿ ಆಟೋಸ್'.

ಕ್ರಿಯಾಪದದ ಮುಂದೆ ವೆರಿ ಬೇಡ

'ನನಗೆ ತುಂಬಾ ಇಷ್ಟ' ಎಂಬುದನ್ನು 'ಐ ವೆರಿ ಲೈಕ್ ಇಟ್' ಎನ್ನುವಂತಿಲ್ಲ. ವೆರಿ ನಿಲ್ಲುವುದು ಗುಣವಾಚಕ ಅಥವಾ ಕ್ರಿಯಾವಿಶೇಷಣದ ಮುಂದೆ. ಕ್ರಿಯಾಪದಕ್ಕೆ ಒತ್ತು ಕೊಡಬೇಕಾದರೆ 'ಐ ಲೈಕ್ ಇಟ್ ವೆರಿ ಮಚ್' ಅಥವಾ 'ಐ ರಿಯಲಿ ಲೈಕ್ ಇಟ್' ಎನ್ನಬೇಕು. ಇದೇ ಲೆಕ್ಕದಲ್ಲಿ 'ವೆರಿ ಮಚ್ ಹ್ಯಾಪಿ' ಎನ್ನುವುದೂ ಬೇಡ. 'ವೆರಿ ಹ್ಯಾಪಿ' ಸಾಕು.

ವೆರಿ ಬೆಟರ್ ಅಲ್ಲ, ಮಚ್ ಬೆಟರ್

ಕನ್ನಡದಲ್ಲಿ ಹೋಲಿಸುವಾಗ ಗುಣವಾಚಕ ರೂಪ ಬದಲಿಸುವುದಿಲ್ಲ. 'ಇದು ಅದಕ್ಕಿಂತ ಒಳ್ಳೆಯದು' ಎನ್ನುವಾಗ 'ಕ್ಕಿಂತ' ಎಂಬುದೇ ಹೋಲಿಕೆಯ ಕೆಲಸ ಮಾಡುತ್ತದೆ. ಇಂಗ್ಲಿಷ್‌ನಲ್ಲಿ ಗುಡ್ ಎಂಬುದು ಬೆಟರ್ ಆಗುತ್ತದೆ. ಅಂಥ ರೂಪದ ಮುಂದೆ ವೆರಿ ಬರುವುದಿಲ್ಲ. ಮಚ್ ಬೆಟರ್, ಫಾರ್ ಬೆಟರ್ ಎನ್ನಬೇಕು. 'ಮೋರ್ ಬೆಟರ್' ಕೂಡ ತಪ್ಪು, ಏಕೆಂದರೆ ಬೆಟರ್‌ನಲ್ಲಿ ಮೋರ್ ಆಗಲೇ ಸೇರಿದೆ. ಎಲ್ಲಕ್ಕಿಂತ ಉತ್ತಮ ಎಂದು ಒತ್ತಿ ಹೇಳಲು 'ಬೈ ಫಾರ್ ದಿ ಬೆಸ್ಟ್'.

ಸೋ, ಸಚ್ ಮತ್ತು ಎನಫ್

ಸೋ ಬರುವುದು ಗುಣವಾಚಕದ ಮುಂದೆ: 'ಸೋ ಗುಡ್'. ನಾಮಪದವೂ ಜೊತೆಗಿದ್ದರೆ ಸಚ್: 'ಸಚ್ ಎ ಗುಡ್ ಬುಕ್'. ಎನಫ್ ಮಾತ್ರ ಗುಣವಾಚಕದ ಹಿಂದೆ ನಿಲ್ಲುತ್ತದೆ. 'ಟಾಲ್ ಎನಫ್' ಸರಿ, 'ಎನಫ್ ಟಾಲ್' ತಪ್ಪು. ಆದರೆ ನಾಮಪದದ ಜೊತೆ ಮುಂದೆಯೇ ಬರುತ್ತದೆ: 'ಎನಫ್ ಮನಿ'.

ವೆರಿ ಎಕ್ಸಲೆಂಟ್ ಎನ್ನಬೇಡಿ

ಎಕ್ಸಲೆಂಟ್, ಪರ್ಫೆಕ್ಟ್, ಇಂಪಾಸಿಬಲ್ ಮುಂತಾದ ಪದಗಳಲ್ಲಿ ಗುಣ ಆಗಲೇ ಕೊನೆಯ ಮೆಟ್ಟಿಲಲ್ಲಿದೆ. ಅವಕ್ಕೆ ವೆರಿ ಹೊಂದುವುದಿಲ್ಲ. ಆಬ್ಸಲ್ಯೂಟ್ಲಿ, ಕಂಪ್ಲೀಟ್ಲಿ ಹೊಂದುತ್ತವೆ. 'ಕ್ವೈಟ್' ಬಳಸುವಾಗಲೂ ಎಚ್ಚರ ಬೇಕು. ಬ್ರಿಟಿಷರ ಬಾಯಲ್ಲಿ 'ಕ್ವೈಟ್ ಗುಡ್' ಎಂದರೆ ಸಾಮಾನ್ಯವಾಗಿ 'ಪರವಾಗಿಲ್ಲ' ಎಂಬಷ್ಟೇ ಅರ್ಥ. ಅಮೆರಿಕನ್ನರು ಹೇಳಿದರೆ ಅದು ಗಟ್ಟಿ ಮೆಚ್ಚುಗೆ. ಆದರೆ 'ಕ್ವೈಟ್ ಇಂಪಾಸಿಬಲ್' ಎಂದರೆ ಇಬ್ಬರಿಗೂ 'ಸಂಪೂರ್ಣ ಅಸಾಧ್ಯ'.

ಬಿಸಿಬಿಸಿ ಇಡ್ಲಿ ಇಂಗ್ಲಿಷ್‌ಗೆ ಬಂದಾಗ

ಕನ್ನಡದಲ್ಲಿ ಪದವನ್ನು ಎರಡು ಸಲ ಹೇಳಿಯೂ ಒತ್ತು ಕೊಡುತ್ತೇವೆ: ಬಿಸಿಬಿಸಿ ಇಡ್ಲಿ, ಸಣ್ಣ ಸಣ್ಣ ವಿಷಯ. ಇದೇ ಅಭ್ಯಾಸ 'ಹಾಟ್ ಹಾಟ್ ಇಡ್ಲಿ', 'ಸ್ಮಾಲ್ ಸ್ಮಾಲ್ ಥಿಂಗ್ಸ್' ಆಗಿ ಇಂಗ್ಲಿಷ್‌ಗೆ ಇಳಿದಿದೆ. ಹೋಟೆಲ್‌ನಲ್ಲಿ ಇದು ನಡೆಯುತ್ತದೆ, ಬರವಣಿಗೆಯಲ್ಲಿ 'ಪೈಪಿಂಗ್ ಹಾಟ್ ಇಡ್ಲಿಸ್', 'ವೆರಿ ಸ್ಮಾಲ್ ಥಿಂಗ್ಸ್' ಎನ್ನಬೇಕು.

ಪರೀಕ್ಷೆಯಲ್ಲಿ ಏಕೆ ಮುಖ್ಯ?

ಬ್ಯಾಂಕ್, ಎಸ್‌ಎಸ್‌ಸಿ ಪರೀಕ್ಷೆಗಳ ಇಂಗ್ಲಿಷ್ ವಿಭಾಗದಲ್ಲಿ ವಾಕ್ಯದ ತಪ್ಪು ಗುರುತಿಸುವ ಪ್ರಶ್ನೆಗಳಿರುತ್ತವೆ. ಐಬಿಪಿಎಸ್ ಪರೀಕ್ಷೆಗಳಲ್ಲಿ ತಪ್ಪು ಉತ್ತರಕ್ಕೆ ಆ ಪ್ರಶ್ನೆಯ ಅಂಕದ ನಾಲ್ಕನೇ ಒಂದು ಭಾಗ ಕಡಿತವಾಗುತ್ತದೆ. 'ವೆರಿ ಬೆಟರ್' ಎಂಬುದು ಮನೆಭಾಷೆಯ ಕಿವಿಗೆ ತಪ್ಪೆನಿಸುವುದೇ ಇಲ್ಲ. ಹಾಗಾಗಿ ಕಿವಿಯನ್ನು ನಂಬದೆ ನಿಯಮವನ್ನು ನೆನಪಿಡುವುದು ಒಳ್ಳೆಯದು.

ಒಂದೇ ನೋಟದಲ್ಲಿ

* ಪ್ರಮಾಣ ಹೆಚ್ಚು: ವೆರಿ. ಮಿತಿ ಮೀರಿದೆ: ಟೂ.
* ಬೆಟರ್, ಬಿಗ್ಗರ್ ಮುಂದೆ: ಮಚ್ ಅಥವಾ ಫಾರ್.
* ಲೈಕ್, ಎಂಜಾಯ್ ಜೊತೆ: ರಿಯಲಿ ಅಥವಾ ಕೊನೆಯಲ್ಲಿ ವೆರಿ ಮಚ್.
* ಗುಣವಾಚಕ ಮಾತ್ರ: ಸೋ. ನಾಮಪದವೂ ಇದ್ದರೆ: ಸಚ್.
* ಎನಫ್: ಗುಣವಾಚಕದ ನಂತರ, ನಾಮಪದದ ಮೊದಲು.
* ಪರ್ಫೆಕ್ಟ್, ಎಕ್ಸಲೆಂಟ್ ಮುಂದೆ: ಆಬ್ಸಲ್ಯೂಟ್ಲಿ.

ಬರೆದ ವಾಕ್ಯದಲ್ಲಿ 'ಟೂ' ಕಂಡಾಗಲೆಲ್ಲ ಅದರ ಜಾಗದಲ್ಲಿ ಕನ್ನಡದ 'ಅತಿಯಾಗಿ' ಇಟ್ಟು ಓದಿ. ಅರ್ಥ ಸರಿಹೊಂದಿದರೆ ಟೂ ಇರಲಿ. 'ತುಂಬಾ' ಎಂದಷ್ಟೇ ಹೇಳಬೇಕಿದ್ದರೆ ಅಲ್ಲಿ ಬೇಕಾದದ್ದು ವೆರಿ.