ಆಯಿಲ್ ಕಪ್ಪಾಗೋದು ಯಾಕೆ?

ಮೊನ್ನೆ ಟಿಲ್ಲರ್ ಆಯಿಲ್ ಬದಲಾಯಿಸ್ತಿದ್ದಾಗ ಪಕ್ಕದ ಹೊಲದ ಅಣ್ಣ ಕೇಳಿದ್ರು, "ಹಾಕಿ ಎರಡು ದಿನಕ್ಕೇ ಕಪ್ಪಾಗುತ್ತಲ್ಲೋ, ಡೂಪ್ಲಿಕೇಟಾ?" ಅಲ್ಲ ಅಣ್ಣ. ಅದಕ್ಕೊಂದು ಹಳೇ ಕಥೆ ಇದೆ.

1931ರಲ್ಲಿ ಅಮೆರಿಕದ ಕ್ಯಾಟರ್‌ಪಿಲ್ಲರ್ ಕಂಪನಿ ಡೀಸೆಲ್ ಟ್ರ್ಯಾಕ್ಟರ್ ಹೊರತಂದಿತು. ಆಗಿನ ಆಯಿಲ್‌ಗೆ ಡೀಸೆಲ್ ಮಸಿ ತಡೆಯೋ ಗುಣ ಇರಲಿಲ್ಲ. ಮಸಿ ಪಿಸ್ಟನ್ ಗ್ರೂವ್‌ನಲ್ಲಿ ಗಟ್ಟಿಯಾಗಿ ಕೂತು ರಿಂಗ್ ಹಿಡ್ಕೊಳ್ತಿತ್ತು. 1935ರಲ್ಲಿ ಸ್ಟ್ಯಾಂಡರ್ಡ್ ಆಯಿಲ್ ಆಫ್ ಕ್ಯಾಲಿಫೋರ್ನಿಯಾದವರು 'ಡೆಲೋ' ಅನ್ನೋ ಆಯಿಲ್ ತಂದರು. ಅದಕ್ಕೆ ಸೇರಿಸಿದ್ದ ರಾಸಾಯನಿಕ ಮಸಿಯನ್ನ ಲೋಹಕ್ಕೆ ಅಂಟೋಕೆ ಬಿಡ್ತಿರಲಿಲ್ಲ, ಆಯಿಲ್‌ನಲ್ಲೇ ತೇಲಿಸಿ ಇಡ್ತಿತ್ತು. ಇವತ್ತು ನಾವು ಹಾಕೋ ಡೀಸೆಲ್ ಎಂಜಿನ್ ಆಯಿಲ್ ಮಾಡೋದೂ ಅದೇ ಕೆಲಸ. ಕಪ್ಪಾಯ್ತು ಅಂದ್ರೆ ಮಸಿ ಎತ್ತಿದೆ ಅಂತ.

ಆದ್ರೆ ಎತ್ತೋದಕ್ಕೂ ಒಂದು ಮಿತಿ ಇದೆಯಲ್ಲ. ನಾನು ಒಂದು ಹಂಗಾಮು ಪೂರ್ತಿ ಬರೀ ಮೇಲಿಂದ ಸುರಿದುಕೊಂಡೇ ಓಡಿಸಿದೆ. ರಿಂಗು, ಲೈನರ್ ಎರಡೂ ಹೋಯ್ತು, ಆ ವರ್ಷದ ರಾಗಿ ದುಡ್ಡೂ ಅದರ ಹಿಂದೇ ಹೋಯ್ತು. ಈಗ ಬಣ್ಣ ನೋಡಲ್ಲ. ಓಡಿದ ಗಂಟೆಗಳನ್ನ ಶೆಡ್ ಗೋಡೆ ಮೇಲೆ ಇದ್ದಿಲಲ್ಲಿ ಗೀಟು ಹಾಕ್ತೀನಿ, ಕಂಪನಿ ಪುಸ್ತಕದಲ್ಲಿ ಹೇಳಿದಷ್ಟಾದ ತಕ್ಷಣ ಎಂಜಿನ್ ಬಿಸಿ ಇರುವಾಗಲೇ ಡ್ರೈನ್ ನಟ್ ಬಿಚ್ತೀನಿ. ತಣ್ಣಗಾದ್ರೆ ಮಸಿ ತಳದಲ್ಲೇ ಉಳಿಯುತ್ತೆ.