ಸಾರ್ವಜನಿಕ ಸಾರಿಗೆಯಲ್ಲಿ ಮಹಿಳೆಯರಿಗೆ ಕಿರುಕುಳ

ಬಸ್ಸು, ರೈಲು, ಮೆಟ್ರೊಗಳಲ್ಲಿಯೂ ಅವುಗಳ ನಿಲ್ದಾಣಗಳಲ್ಲಿಯೂ ಹೆಂಗಸರು ಎದುರಿಸುವ ಲೈಂಗಿಕ ಸ್ವರೂಪದ ಉಪದ್ರವ. ನೂಕುನುಗ್ಗಲಿನ ನೆಪದಲ್ಲಿ ಮೈಮೇಲೆ ಬೀಳುವುದು, ಸೀಟಿನ ಸಂದಿಯಿಂದ ಕೈ ತೂರಿಸುವುದು, ದುರುಗುಟ್ಟಿ ನೋಡುವುದು, ಅಶ್ಲೀಲ ಮಾತು, ಸನ್ನೆ, ಇಳಿದ ಮೇಲೂ ಬೆನ್ನು ಹತ್ತುವುದು, ಗೊತ್ತಾಗದಂತೆ ಮೊಬೈಲಿನಲ್ಲಿ ಚಿತ್ರ ತೆಗೆಯುವುದು ಎಲ್ಲವೂ ಇದರಲ್ಲಿ ಸೇರುತ್ತವೆ. ರೈಲು ಬಂದಷ್ಟೇ ಹಳೆಯದಾದ ಈ ಪೀಡೆಗೆ ಸಮಾಜಗಳು ಮುಖ್ಯವಾಗಿ ಎರಡು ಬಗೆಯ ಪರಿಹಾರ ಹುಡುಕಿವೆ. ಹೆಂಗಸರನ್ನು ಬೇರೆ ಕೂರಿಸುವುದು ಒಂದು. ವಾಹನ ನಡೆಸುವವರನ್ನೂ ಕಿರುಕುಳ ಕೊಟ್ಟವನನ್ನೂ ಹೊಣೆ ಮಾಡುವುದು ಇನ್ನೊಂದು. ಮೊದಲನೆಯದಕ್ಕೆ ನೂರೈವತ್ತು ವರ್ಷಗಳ ಚರಿತ್ರೆಯಿದೆ. ಎರಡನೆಯದು ತಡವಾಗಿ ಬಂತು, ಇನ್ನೂ ಅರೆಬರೆಯಾಗಿದೆ.

ಮುಚ್ಚಿದ ಕೋಣೆಗಳ ಕಾಲ

19ನೇ ಶತಮಾನದ ಇಂಗ್ಲೆಂಡಿನ ರೈಲುಗಳಲ್ಲಿ ಒಂದು ಕೋಣೆಯಿಂದ ಇನ್ನೊಂದಕ್ಕೆ ಒಳದಾರಿ ಇರಲಿಲ್ಲ. ಪ್ರತಿ ಕೋಣೆಗೂ ಹೊರಗಿನಿಂದಲೇ ಬಾಗಿಲು. ಗಾಡಿ ಹೊರಟಿತೆಂದರೆ ಮುಂದಿನ ನಿಲ್ದಾಣದವರೆಗೆ ಒಳಗಿದ್ದವರಿಗೆ ಹೊರಗಿನ ಸಂಪರ್ಕವಿಲ್ಲ. 1875ರ ಜೂನ್‌ನಲ್ಲಿ ಲಂಡನ್ನಿಗೆ ಹೊರಟಿದ್ದ ರೈಲಿನ ಮೊದಲ ದರ್ಜೆಯ ಕೋಣೆಯೊಂದರಲ್ಲಿ ಸೇನಾಧಿಕಾರಿ ಕರ್ನಲ್ ವ್ಯಾಲೆಂಟೈನ್ ಬೇಕರ್ ಎದುರಿಗಿದ್ದ 22 ವರ್ಷದ ಯುವತಿಯ ಮೇಲೆ ಲೈಂಗಿಕ ಹಲ್ಲೆ ನಡೆಸಿದ. ಆಕೆ ಬಾಗಿಲು ತೆರೆದು, ಓಡುತ್ತಿದ್ದ ಗಾಡಿಯ ಹೊರಗಿನ ಮೆಟ್ಟಿಲ ಹಲಗೆಯ ಮೇಲೆ ನಿಂತು, ಗಾಡಿ ನಿಲ್ಲುವ ತನಕ ಹಿಡಿಕೆಗೆ ಜೋತುಬಿದ್ದು ಪ್ರಾಣ ಉಳಿಸಿಕೊಂಡಳು. ನ್ಯಾಯಾಲಯ ಬೇಕರ್‌ಗೆ 12 ತಿಂಗಳ ಸೆರೆ, 500 ಪೌಂಡ್ ದಂಡ ವಿಧಿಸಿತು. ಸೇನೆಯಿಂದಲೂ ಅವನನ್ನು ವಜಾ ಮಾಡಲಾಯಿತು. ಆದರೆ ಅವನು ಮುಂದೆ ಆಟೊಮನ್ ಸೇನೆಯಲ್ಲಿ ದಳಪತಿಯಾದ, ಈಜಿಪ್ಟಿನಲ್ಲಿ ಪೊಲೀಸ್ ಪಡೆಯ ಮುಖ್ಯಸ್ಥನೂ ಆದ. ಅಪರಾಧ ಸಾಬೀತಾದ ಮೇಲೂ ದೊಡ್ಡ ಮನುಷ್ಯರ ಬದುಕು ಎಷ್ಟು ಬೇಗ ಹಳಿಗೆ ಮರಳುತ್ತದೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಹಳೆಯ ನಿದರ್ಶನ ಸಿಗುವುದು ಕಷ್ಟ. ಲಂಡನ್ನಿನ ಮೆಟ್ರೊಪಾಲಿಟನ್ ರೈಲ್ವೆ 1874ರಲ್ಲೇ ಹೆಂಗಸರಿಗೆ ಪ್ರತ್ಯೇಕ ಕೋಣೆ ಆರಂಭಿಸಿತ್ತು. ಬ್ರಿಟನ್ನಿನಲ್ಲಿ ಅಂಥ ಕೋಣೆಗಳು 1970ರ ದಶಕದವರೆಗೂ ಉಳಿದವು.

ಭಾರತದಲ್ಲಿ ಈ ಏರ್ಪಾಡು ಕಾನೂನಾಗಿಯೇ ಬಂತು. 1890ರ ರೈಲ್ವೆ ಕಾಯಿದೆಯ 64ನೇ ಕಲಂ ಪ್ರಕಾರ 1891ರ ಜನವರಿ 1ರಿಂದ ಪ್ರತಿ ಪ್ರಯಾಣಿಕ ರೈಲಿನಲ್ಲೂ ಅತ್ಯಂತ ಕೆಳದರ್ಜೆಯ ಒಂದು ಕೋಣೆಯನ್ನಾದರೂ ಹೆಂಗಸರಿಗೆ ಮೀಸಲಿಡಬೇಕಿತ್ತು. ಗಾಡಿ 50 ಮೈಲಿಗಿಂತ ಹೆಚ್ಚು ದೂರ ಓಡುವುದಾದರೆ ಆ ಕೋಣೆಯಲ್ಲಿ ಶೌಚದ ವ್ಯವಸ್ಥೆಯೂ ಇರಬೇಕಿತ್ತು. ಕಿರುಕುಳದ ಚಿಂತೆಗಿಂತ ಪರದೆ ಮತ್ತು ಕುಲೀನತೆಯ ಚಿಂತೆ ಇದರ ಹಿಂದೆ ಹೆಚ್ಚಾಗಿ ಇದ್ದಿರಬೇಕು. ಏನೇ ಇರಲಿ, ಮೂರನೇ ದರ್ಜೆಯ ಬಡ ಹೆಂಗಸಿಗೂ ಒಂದು ಜಾಗ ಸಿಕ್ಕಿತು. ಈಗಿನ 1989ರ ರೈಲ್ವೆ ಕಾಯಿದೆಯ 58ನೇ ಕಲಂ ಅದೇ ವ್ಯವಸ್ಥೆಯನ್ನು ಮುಂದುವರಿಸಿದೆ. ಮಹಿಳಾ ಬೋಗಿಗೆ ಹತ್ತುವ ಗಂಡಸಿಗೆ 162ನೇ ಕಲಂ ಅಡಿಯಲ್ಲಿ 500 ರೂಪಾಯಿವರೆಗೆ ದಂಡವಿದೆ; 12 ವರ್ಷದೊಳಗಿನ ಗಂಡುಮಕ್ಕಳಿಗೆ ಮಾತ್ರ ವಿನಾಯಿತಿ.

ಪಿನ್ನಿನ ಚರಿತ್ರೆ

ಕಾನೂನು ಕೈಗೆ ಸಿಗದಾಗ ಹೆಂಗಸರು ಕೈಗೆ ಸಿಕ್ಕಿದ್ದನ್ನೇ ಹಿಡಿದಿದ್ದಾರೆ. 1903ರಲ್ಲಿ ಕಾನ್ಸಾಸ್‌ನಿಂದ ನ್ಯೂಯಾರ್ಕಿಗೆ ಬಂದಿದ್ದ ಲಿಯೋಟಿ ಬ್ಲೇಕರ್ ಎಂಬ ಯುವತಿ, ತುಂಬಿದ ಕುದುರೆ ಬಂಡಿಯಲ್ಲಿ ಪಕ್ಕಕ್ಕೆ ಒತ್ತಿಕೊಂಡು ಬೆನ್ನ ಮೇಲೆ ಕೈ ಹಾಕಿದವನ ತೋಳಿಗೆ ತನ್ನ ಟೋಪಿಯ ಪಿನ್ನನ್ನು ಚುಚ್ಚಿದಳು. ಆಗಿನ ದೊಡ್ಡ ಟೋಪಿಗಳಿಗೆ ಸಿಕ್ಕಿಸುತ್ತಿದ್ದ ಉದ್ದನೆಯ ಪಿನ್ನುಗಳು ಅಮೆರಿಕದ ನಗರಗಳಲ್ಲಿ ಹೆಂಗಸರ ಆತ್ಮರಕ್ಷಣೆಯ ಆಯುಧವಾದವು. 1910ರಲ್ಲಿ ಷಿಕಾಗೊ ನಗರಸಭೆ ಮಾಡಿದ್ದೇನೆಂದರೆ, 9 ಅಂಗುಲಕ್ಕಿಂತ ಉದ್ದದ ಪಿನ್ನನ್ನು ನಿಷೇಧಿಸಿ ದಂಡ ಗೊತ್ತುಪಡಿಸಿದ್ದು. ಕೈ ಹಾಕಿದವನಿಗಿಂತ ಚುಚ್ಚಿದವಳನ್ನು ಹದ್ದುಬಸ್ತಿನಲ್ಲಿಡಬೇಕು ಎಂಬ ಈ ಬುದ್ಧಿ ಷಿಕಾಗೊದ್ದಷ್ಟೇ ಅಲ್ಲ. ನಮ್ಮಲ್ಲಿಯೂ ಸೆರಗಿಗೆ, ದುಪಟ್ಟಾಕ್ಕೆ ಹಾಕುವ ಸೇಫ್ಟಿ ಪಿನ್ನನ್ನು ಬಸ್ಸು ಹತ್ತುವಾಗ ಕೈಯಲ್ಲಿ ಹಿಡಿದುಕೊಳ್ಳಲು ತಾಯಂದಿರು ಮಗಳಿಗೆ ಹೇಳಿಕೊಟ್ಟಿದ್ದಾರೆ. ತಲೆಮಾರುಗಳು ದಾಟಿದರೂ ಆ ಪಾಠ ಹಾಗೆಯೇ ಉಳಿದಿರುವುದು, ಮಿಕ್ಕ ವ್ಯವಸ್ಥೆಯ ಮೇಲೆ ಅವರಿಗೆಷ್ಟು ನಂಬಿಕೆ ಹುಟ್ಟಿದೆ ಎಂಬುದರ ಅಳತೆ.

ಪ್ರತ್ಯೇಕ ಬೋಗಿ: ನೆಮ್ಮದಿಯೂ ಮಿತಿಯೂ

ಜಪಾನಿನ ಟೋಕಿಯೊದಲ್ಲಿ 1912ರಲ್ಲೇ ಚುವೊ ಮಾರ್ಗದಲ್ಲಿ, ಶಾಲೆಯ ಹೊತ್ತಿನಲ್ಲಿ ವಿದ್ಯಾರ್ಥಿನಿಯರಿಗಾಗಿ ಬೇರೆ ಬೋಗಿ ಓಡಿತ್ತು. ಯುದ್ಧಾನಂತರ ಮತ್ತೆ ಬಂದು 1973ರಲ್ಲಿ ನಿಂತ ಈ ಏರ್ಪಾಡು ಕೇಯೊ ಮಾರ್ಗದಲ್ಲಿ 2000ದ ಡಿಸೆಂಬರ್‌ನ ಪ್ರಯೋಗದ ನಂತರ ಬೇರೂರಿತು. 2005ರ ಹೊತ್ತಿಗೆ ಟೋಕಿಯೊದ ಅನೇಕ ಮಾರ್ಗಗಳಿಗೆ ಹಬ್ಬಿತು. ನಡುವೆ 1988ರಲ್ಲಿ ಒಸಾಕಾದ ಮಿಡೊಸುಜಿ ಸುರಂಗ ಮಾರ್ಗದಲ್ಲಿ ನಡೆದ ಘಟನೆಯೊಂದು ದೇಶವನ್ನು ಕಲಕಿತ್ತು. ರೈಲಿನಲ್ಲಿ ಇನ್ನೊಬ್ಬಳಿಗೆ ಕಿರುಕುಳ ಕೊಡುತ್ತಿದ್ದ ಇಬ್ಬರನ್ನು ಒಬ್ಬ ಯುವತಿ ಗದರಿಸಿದಳು. ಅವರು ಅವಳನ್ನೇ ಹಿಂಬಾಲಿಸಿ ಅತ್ಯಾಚಾರ ಎಸಗಿದರು. ಸಹಾಯಕ್ಕೆ ಹೋದವಳು ಒಂಟಿಯಾಗಿದ್ದಳು. ಒಸಾಕಾದ ಮಹಿಳೆಯರು ಸಂಘಟಿತರಾಗಿ ರೈಲ್ವೆ ಕಂಪನಿಗಳನ್ನು ಪ್ರಶ್ನಿಸಿದ್ದು ಆ ನಂತರ.

ಮುಂಬೈಯಲ್ಲಿ 1992ರ ಮೇ 5ರಂದು ಚರ್ಚ್‌ಗೇಟ್‌ನಿಂದ ಬೊರಿವಲಿಗೆ ಇಡೀ ಲೋಕಲ್ ರೈಲನ್ನೇ ಹೆಂಗಸರಿಗೆ ಬಿಟ್ಟುಕೊಡಲಾಯಿತು. ‘ಲೇಡೀಸ್ ಸ್ಪೆಷಲ್’ ಎಂದು ಹೆಸರಾದ ಆ ಗಾಡಿಯಲ್ಲಿ ತರಕಾರಿ ಹೆಚ್ಚುವುದು, ಹಬ್ಬ ಮಾಡುವುದು, ಕಷ್ಟಸುಖ ಹಂಚಿಕೊಳ್ಳುವುದು ಎಲ್ಲವೂ ನಡೆಯುತ್ತವೆ. ದಿನದ ದುಡಿಮೆಗೆ ಹೋಗಿ ಬರುವ ಹೆಂಗಸಿಗೆ ಮೈ ಹಿಡಿ ಮಾಡಿಕೊಳ್ಳದೆ ನಿಲ್ಲಬಲ್ಲ ಒಂದು ಗಂಟೆ ಎಂದರೆ ಸಣ್ಣ ವಿಷಯವಲ್ಲ. ದೆಹಲಿ ಮೆಟ್ರೊ 2010ರ ಅಕ್ಟೋಬರ್ 2ರಿಂದ ಮೊದಲ ಬೋಗಿಯನ್ನು ಮೀಸಲಿಟ್ಟಿತು.

ಈ ನೆಮ್ಮದಿಯ ಇನ್ನೊಂದು ಮುಖವನ್ನು ಕೇರಳ ಕಂಡಿತು. 2011ರ ಫೆಬ್ರವರಿ 1ರ ರಾತ್ರಿ ಎರ್ನಾಕುಲಂ–ಶೊರನೂರು ಪ್ಯಾಸೆಂಜರ್ ರೈಲಿನ ಮಹಿಳಾ ಬೋಗಿಯಲ್ಲಿ ಒಬ್ಬಳೇ ಉಳಿದಿದ್ದ ಯುವತಿಯ ಮೇಲೆ ಹಲ್ಲೆ, ಅತ್ಯಾಚಾರ ನಡೆದು, ಕೆಲವೇ ದಿನಗಳಲ್ಲಿ ಆಕೆ ಆಸ್ಪತ್ರೆಯಲ್ಲಿ ಅಸುನೀಗಿದಳು. ಜನ ತುಂಬಿದ್ದಾಗ ಕಾಯುವ ಬೋಗಿ, ಜನ ಇಳಿದ ಮೇಲೆ ಒಂಟಿ ಹೆಣ್ಣು ಎಲ್ಲಿದ್ದಾಳೆಂದು ತೋರಿಸುವ ಗುರುತಾಗಿಬಿಡುತ್ತದೆ. ಮಹಿಳಾ ಬೋಗಿಯನ್ನು ಗಾಡಿಯ ಬಾಲಕ್ಕೆ ಜೋಡಿಸುವ ರೂಢಿ ಪ್ರಶ್ನೆಗೊಳಗಾಯಿತು. ಮೀಸಲು ಬೋಗಿಯಿಂದ ಇನ್ನೂ ಒಂದು ಅಡ್ಡಪರಿಣಾಮವಿದೆ: ಸಾಮಾನ್ಯ ಬೋಗಿ ಗಂಡಸರದು ಎಂಬ ಭಾವನೆ ಬಲಿಯುತ್ತದೆ, ಅಲ್ಲಿ ಹತ್ತಿದವಳನ್ನು ‘ಲೇಡೀಸ್ ಬೋಗಿ ಇತ್ತಲ್ಲ’ ಎಂದು ಕೇಳುವವರು ಹುಟ್ಟಿಕೊಳ್ಳುತ್ತಾರೆ.

ಕಾನೂನಿನ ದಾರಿ

1860ರ ಭಾರತೀಯ ದಂಡಸಂಹಿತೆಯಲ್ಲಿ ಹೆಣ್ಣಿನ ಮಾನಕ್ಕೆ ಧಕ್ಕೆ ತರುವ ಬಲಪ್ರಯೋಗಕ್ಕೆ 354ನೇ ಕಲಂ, ಮಾತು–ಸನ್ನೆಗಳಿಗೆ 509ನೇ ಕಲಂ ಇದ್ದವು. ಬಸ್ಸಿನೊಳಗಿನ ಕಿರುಕುಳಕ್ಕೆ ಅವು ಬಳಕೆಯಾದದ್ದು ಅಪರೂಪ. ವಾಹನದ ಸಿಬ್ಬಂದಿಗೆ ಕರ್ತವ್ಯ ಗೊತ್ತುಮಾಡಿದ ದೊಡ್ಡ ಹೆಜ್ಜೆ ತಮಿಳುನಾಡಿನದು. 1998ರಲ್ಲಿ ಚೆನ್ನೈನ ಕಾಲೇಜು ವಿದ್ಯಾರ್ಥಿನಿಯೊಬ್ಬಳು ಆಟೊದಲ್ಲಿ ಬಂದ ಯುವಕರ ಪುಂಡಾಟಕ್ಕೆ ಬಲಿಯಾದಳು. ಅದೇ ವರ್ಷ ಅಲ್ಲಿನ ಸರ್ಕಾರ ಚುಡಾಯಿಸುವುದರ ವಿರುದ್ಧವೇ ಪ್ರತ್ಯೇಕ ಕಾಯಿದೆ ತಂದಿತು. ಬಸ್ಸಿನೊಳಗೆ ದೂರು ಬಂದರೆ ಸಿಬ್ಬಂದಿ ಬಸ್ಸನ್ನು ಹತ್ತಿರದ ಪೊಲೀಸ್ ಠಾಣೆಗೆ ಒಯ್ಯಬೇಕು ಎಂಬ ನಿಯಮ ಅದರಲ್ಲಿತ್ತು.

ಇಡೀ ದೇಶಕ್ಕೆ ಆ ಮಾತನ್ನು ಹೇಳಿದ್ದು ಸುಪ್ರೀಂ ಕೋರ್ಟು, ತಮಿಳುನಾಡಿನದೇ ಒಂದು ಪ್ರಕರಣದಲ್ಲಿ. 1999ರ ಜುಲೈಯಲ್ಲಿ ತೆಂಕಾಶಿಯ ಬಸ್ ನಿಲ್ದಾಣದಲ್ಲಿ ವಿವಾಹಿತೆಯೊಬ್ಬರೊಂದಿಗೆ ಅಸಭ್ಯವಾಗಿ ವರ್ತಿಸಿದವನು ಒಬ್ಬ ಪೊಲೀಸ್ ಪೇದೆ. ಇಲಾಖೆ ಅವನನ್ನು ಕೆಲಸದಿಂದ ತೆಗೆಯಿತು. ಸಾಕ್ಷಿಗಳು ತಿರುಗಿಬಿದ್ದದ್ದರಿಂದ ಕ್ರಿಮಿನಲ್ ಮೊಕದ್ದಮೆ ಬಿದ್ದುಹೋಯಿತು. ಹೈಕೋರ್ಟಿನಲ್ಲಿ ಗೆದ್ದ ಪೇದೆಯ ವಿರುದ್ಧ 2012ರ ನವೆಂಬರ್ 30ರಂದು ತೀರ್ಪಿತ್ತ ನ್ಯಾಯಮೂರ್ತಿಗಳಾದ ಕೆ.ಎಸ್. ರಾಧಾಕೃಷ್ಣನ್ ಮತ್ತು ದೀಪಕ್ ಮಿಶ್ರಾ, ವಜಾ ಆದೇಶವನ್ನು ಎತ್ತಿಹಿಡಿದರು. ಅಷ್ಟಕ್ಕೇ ನಿಲ್ಲದೆ ಬಸ್ ನಿಲ್ದಾಣ, ರೈಲು ನಿಲ್ದಾಣಗಳಲ್ಲಿ ಮಫ್ತಿಯಲ್ಲಿ ಮಹಿಳಾ ಪೊಲೀಸರಿರಬೇಕು, ಕ್ಯಾಮೆರಾ ಇರಬೇಕು, ಸಹಾಯವಾಣಿ ಇರಬೇಕು, ದೂರು ಬಂದರೆ ವಾಹನವನ್ನು ಠಾಣೆಗೆ ಒಯ್ಯಬೇಕು ಎಂದು ಎಲ್ಲ ರಾಜ್ಯಗಳಿಗೂ ನಿರ್ದೇಶನ ಕೊಟ್ಟರು.

ಇದಾದ 16 ದಿನಕ್ಕೆ, 2012ರ ಡಿಸೆಂಬರ್ 16ರ ರಾತ್ರಿ, ದೆಹಲಿಯಲ್ಲಿ ಓಡುತ್ತಿದ್ದ ಖಾಸಗಿ ಬಸ್ಸಿನೊಳಗೆ ಯುವತಿಯ ಮೇಲೆ ಸಾಮೂಹಿಕ ಅತ್ಯಾಚಾರ ನಡೆಯಿತು. ನ್ಯಾಯಮೂರ್ತಿ ಜೆ.ಎಸ್. ವರ್ಮಾ ಸಮಿತಿ 29 ದಿನಗಳಲ್ಲಿ ವರದಿ ಕೊಟ್ಟಿತು. 2013ರ ತಿದ್ದುಪಡಿಯಿಂದ ಲೈಂಗಿಕ ಕಿರುಕುಳ, ಹಿಂಬಾಲಿಸುವಿಕೆ, ಗುಟ್ಟಾಗಿ ನೋಡುವುದು–ಚಿತ್ರ ತೆಗೆಯುವುದು ಬೇರೆ ಬೇರೆ ಅಪರಾಧಗಳಾದವು. ಎರಡು ವರ್ಷಕ್ಕೆ ಮುಗಿಯುತ್ತಿದ್ದ 354ನೇ ಕಲಮಿನ ಗರಿಷ್ಠ ಶಿಕ್ಷೆ ಐದು ವರ್ಷಕ್ಕೇರಿತು, ಕನಿಷ್ಠ ಒಂದು ವರ್ಷದ ಸೆರೆ ಕಡ್ಡಾಯವಾಯಿತು. 2024ರ ಜುಲೈ 1ರಿಂದ ಇವೆಲ್ಲ ಭಾರತೀಯ ನ್ಯಾಯ ಸಂಹಿತೆಯ 74ರಿಂದ 79ರವರೆಗಿನ ಕಲಮುಗಳಲ್ಲಿವೆ.

ಕರ್ನಾಟಕದಲ್ಲಿ

ಬೆಂಗಳೂರಿನ ನಗರ ಬಸ್ಸಿನಲ್ಲಿ ಮುಂದಿನ ಬಾಗಿಲು ಹೆಂಗಸರಿಗೆ, ಹಿಂದಿನದು ಗಂಡಸರಿಗೆ ಎಂಬುದು ಹಳೆಯ ರೂಢಿ. ಮುಂದಿನ ಸೀಟುಗಳ ಮೇಲೆ ‘ಮಹಿಳೆಯರಿಗೆ’ ಎಂದು ಬರೆದಿರುತ್ತದೆ. ಬೆಳಿಗ್ಗೆ ಒಂಬತ್ತರ ಹೊತ್ತಿಗೆ ಈ ಗೆರೆ ಅಳಿಸಿಹೋಗುತ್ತದೆ. ಹೆಂಗಸರ ಕೊನೆಯ ಸಾಲೂ ಗಂಡಸರ ಮೊದಲ ಸಾಲೂ ಕೂಡುವ ಬಸ್ಸಿನ ನಡುಭಾಗದಲ್ಲಿ ನಿಂತವಳ ಒಂದು ಕೈ ಮೇಲಿನ ಕಂಬಿಗೆ, ಇನ್ನೊಂದು ಬ್ಯಾಗಿಗೆ. ‘ಒಳಗೆ ಹೋಗಿ, ಒಳಗೆ ಹೋಗಿ’ ಎಂದು ಕಂಡಕ್ಟರ್ ಕೂಗುತ್ತಾರೆ. ಬ್ರೇಕ್ ಬೀಳದಿದ್ದರೂ ಹಿಂದಿದ್ದವನು ಒರಗುತ್ತಾನೆ. ‘ಸರಿಯಾಗಿ ನಿಂತ್ಕೊಳ್ಳಿ’ ಎಂದರೆ ‘ಅಷ್ಟೊಂದಿದ್ರೆ ಆಟೊದಲ್ಲಿ ಹೋಗಿ’ ಎಂಬ ಉತ್ತರ ಸಿದ್ಧವಾಗಿರುತ್ತದೆ. ಸುತ್ತ ನಲವತ್ತು ಜನರಿದ್ದರೂ ಯಾರೂ ತುಟಿ ಬಿಚ್ಚುವುದಿಲ್ಲ. ಅವಳು ಎರಡು ಸ್ಟಾಪು ಮೊದಲೇ ಇಳಿದು ನಡೆಯುತ್ತಾಳೆ. ಇಂಥದ್ದು ಯಾವ ಠಾಣೆಯ ಲೆಕ್ಕಕ್ಕೂ ಬರುವುದಿಲ್ಲ.

ತಾಲ್ಲೂಕು ಊರುಗಳಲ್ಲಿ ಪರಿಣಾಮ ಇನ್ನೂ ಕಠೋರ. ಕಾಲೇಜಿಗೆ ಹೋಗಲು ಇರುವುದು ಬೆಳಗಿನ ಒಂದೇ ಬಸ್ಸು. ಅದರಲ್ಲಿ ಪುಂಡರ ಕಾಟವಿದೆ ಎಂದು ಮನೆಯಲ್ಲಿ ಗೊತ್ತಾದರೆ ನಿಲ್ಲುವುದು ಹುಡುಗಿಯ ಓದು. ಹಾಗಾಗಿ ಹೆಣ್ಣುಮಕ್ಕಳು ಮನೆಯಲ್ಲೂ ಬಾಯಿಬಿಡುವುದಿಲ್ಲ. ಅರ್ಥಶಾಸ್ತ್ರಜ್ಞೆ ಗಿರಿಜಾ ಬೋರ್ಕರ್ ದೆಹಲಿ ವಿಶ್ವವಿದ್ಯಾಲಯದ ವಿದ್ಯಾರ್ಥಿನಿಯರ ನಡುವೆ ನಡೆಸಿದ ಅಧ್ಯಯನವೂ ಇದಕ್ಕೆ ಹೊಂದುತ್ತದೆ: ದಾರಿ ಸುರಕ್ಷಿತವಾಗಿದ್ದರೆ ಸಾಕೆಂದು ಅವರು ತಮ್ಮ ಅಂಕಗಳಿಗೆ ಸಿಗಬಹುದಾಗಿದ್ದ ಉತ್ತಮ ಕಾಲೇಜನ್ನೇ ಬಿಟ್ಟುಕೊಡುತ್ತಿದ್ದರು.

2003ರಲ್ಲಿ ಜಸ್ಮೀನ್ ಪಥೇಜಾ ಬೆಂಗಳೂರಿನಲ್ಲಿ ಆರಂಭಿಸಿದ ‘ಬ್ಲ್ಯಾಂಕ್ ನಾಯ್ಸ್’ ಎಂಬ ಅಭಿಯಾನ ಈ ಮೌನವನ್ನು ಮುರಿಯುವ ಕೆಲಸ ಮಾಡಿತು. ಕಿರುಕುಳವಾದಾಗ ತೊಟ್ಟಿದ್ದ ಬಟ್ಟೆಗಳನ್ನು ಹೆಂಗಸರಿಂದಲೇ ಸಂಗ್ರಹಿಸಿ, ಉಡುಪೇ ಕಾರಣ ಎನ್ನುವವರ ಮುಂದಿಟ್ಟಿತು. 2018ರಲ್ಲಿ ಆರು ಬೋಗಿಗಳ ರೈಲು ಬಂದಾಗ ಬೆಂಗಳೂರಿನ ‘ನಮ್ಮ ಮೆಟ್ರೊ’ ಮೊದಲ ಬೋಗಿಯನ್ನು ಮಹಿಳೆಯರಿಗೆ ಮೀಸಲಿಟ್ಟಿತು. 2023ರ ಜೂನ್ 11ರಂದು ಜಾರಿಯಾದ ‘ಶಕ್ತಿ’ ಯೋಜನೆಯಿಂದ ಸರ್ಕಾರಿ ಸಾಮಾನ್ಯ ಬಸ್ಸುಗಳಲ್ಲಿ ಹೆಂಗಸರ ಪ್ರಯಾಣ ಉಚಿತವಾಯಿತು. ಬಸ್ಸಿನಲ್ಲಿ ಹೆಂಗಸರೇ ಹೆಚ್ಚಾದಾಗ ಒಂಟಿತನ ಕಡಿಮೆಯಾಗುತ್ತದೆ. ಆದರೆ ಬಸ್ಸುಗಳ ಸಂಖ್ಯೆ ಅದೇ ಪ್ರಮಾಣದಲ್ಲಿ ಏರದಿದ್ದರೆ ನೂಕುನುಗ್ಗಲು ಕಿರುಕುಳಗಾರನಿಗೇ ಅನುಕೂಲ. 2025ರ ಮೇ ತಿಂಗಳಲ್ಲಿ ಮೆಟ್ರೊ ಪ್ರಯಾಣಿಕರಾದ ಹೆಂಗಸರ ವಿಡಿಯೊಗಳನ್ನು ಕದ್ದು ತೆಗೆದು ಇನ್‌ಸ್ಟಾಗ್ರಾಂನಲ್ಲಿ ಹಾಕುತ್ತಿದ್ದ ಖಾತೆಯೊಂದು ಬಯಲಾಗಿ ಒಬ್ಬನ ಬಂಧನವಾಯಿತು. ಮುಟ್ಟದೆಯೂ ಕಿರುಕುಳ ಕೊಡುವ ಈ ಹೊಸ ಬಗೆಗೆ ಮೀಸಲು ಸೀಟಿನಲ್ಲಿ ಉತ್ತರವಿಲ್ಲ.

ತಡೆಯ ವಿಧಾನಗಳು

ಟೊರೊಂಟೊ ನಗರದ ಸಾರಿಗೆ ಸಂಸ್ಥೆ 1991ರಲ್ಲಿ ಸರಳವಾದ ನಿಯಮವೊಂದನ್ನು ತಂದಿತು: ರಾತ್ರಿ ಹೆಂಗಸರು ಕೇಳಿದರೆ ಎರಡು ಸ್ಟಾಪುಗಳ ನಡುವೆಯೂ ಬಸ್ಸು ನಿಲ್ಲಿಸಬೇಕು. ಖರ್ಚಿಲ್ಲದ ಇಂಥ ಕ್ರಮ ನಮ್ಮ ನಗರಗಳಿಗೂ ಒಗ್ಗುವಂಥದ್ದು. ನಿಲ್ದಾಣದ ಬೆಳಕು, ಜನಸಂಚಾರ, ಕಾಲುದಾರಿಗಳನ್ನು ಹೆಂಗಸರೇ ನಡೆದು ಪರೀಕ್ಷಿಸುವ ಸುರಕ್ಷತಾ ತಪಾಸಣೆಯೂ ಟೊರೊಂಟೊದಲ್ಲಿ ಹುಟ್ಟಿದ್ದು. ದೆಹಲಿಯ ಜಾಗೋರಿ ಸಂಸ್ಥೆ ಅದನ್ನು ಇಲ್ಲಿ ಬಳಸಿತು, 2013ರಲ್ಲಿ ಬಂದ ‘ಸೇಫ್ಟಿಪಿನ್’ ಆ್ಯಪ್ ಅದೇ ವಿಧಾನವನ್ನು ಮೊಬೈಲಿಗೆ ತಂದಿತು. ಭಾರತದಲ್ಲಿ 2019ರ ಜನವರಿ 1ರಿಂದ ನೋಂದಣಿಯಾಗುವ ಸಾರ್ವಜನಿಕ ಸೇವಾ ವಾಹನಗಳಲ್ಲಿ ಸ್ಥಳ ಪತ್ತೆ ಸಾಧನವೂ ತುರ್ತು ಗುಂಡಿಯೂ ಇರಬೇಕೆಂಬ ನಿಯಮ ಬಂದಿದೆ. ಗುಂಡಿ ಒತ್ತಿದಾಗ ಆ ಕಡೆ ಯಾರಾದರೂ ಎಚ್ಚರವಾಗಿದ್ದರೆ ಮಾತ್ರ ಅದು ಉಪಯೋಗಕ್ಕೆ ಬರುತ್ತದೆ. ಕ್ಯಾಮೆರಾ ಸಾಕ್ಷ್ಯ ಕೊಡುತ್ತದೆಯೇ ಹೊರತು ಅಡ್ಡ ಬರುವುದಿಲ್ಲ.

ತೊಂದರೆಗೊಳಗಾದವರು ತುರ್ತು ಸಂಖ್ಯೆ 112ಕ್ಕೆ, ರೈಲಿನಲ್ಲಾದರೆ 139ಕ್ಕೆ ಕರೆ ಮಾಡಬಹುದು. ಘಟನೆ ಯಾವ ಠಾಣೆಯ ಸರಹದ್ದಿನಲ್ಲಿ ನಡೆಯಿತೆಂಬ ಗೊಂದಲ ಓಡುವ ವಾಹನದಲ್ಲಿ ಸಹಜ. ಯಾವ ಠಾಣೆಯಲ್ಲಾದರೂ ದೂರು ದಾಖಲಿಸಿಕೊಳ್ಳಲೇಬೇಕು ಎಂದು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಂ ಹೇಳುತ್ತದೆ. ಟಿಕೆಟ್ಟನ್ನು ಎಸೆಯದೆ ಇಟ್ಟುಕೊಂಡರೆ ಬಸ್ಸು, ಸಮಯಗಳ ಪುರಾವೆ ಕೈಯಲ್ಲಿರುತ್ತದೆ. ಪಕ್ಕದವರು ಜಗಳಕ್ಕಿಳಿಯಲೇಬೇಕೆಂದಿಲ್ಲ. ‘ಅಕ್ಕಾ, ಈ ಕಡೆ ಬನ್ನಿ’ ಎಂದು ಕರೆದು ಜಾಗ ಕೊಡುವುದು, ಇಬ್ಬರ ನಡುವೆ ಹೋಗಿ ನಿಲ್ಲುವುದು, ಕಂಡಕ್ಟರನ್ನು ಕೂಗುವುದು ಇವೂ ದೊಡ್ಡ ನೆರವೇ.

ಎಲ್ಲಕ್ಕಿಂತ ಹೆಚ್ಚು ಕೆಲಸ ಬಾಕಿಯಿರುವುದು ಸಿಬ್ಬಂದಿಯ ವಿಷಯದಲ್ಲಿ. ಬಸ್ಸನ್ನು ಠಾಣೆಗೆ ತಿರುಗಿಸಿದರೆ ಟ್ರಿಪ್ಪು ತಪ್ಪುತ್ತದೆ, ಕಲೆಕ್ಷನ್ ಕಡಿಮೆಯಾಗುತ್ತದೆ, ಡಿಪೊದಲ್ಲಿ ವಿವರಣೆ ಕೊಡಬೇಕಾಗುತ್ತದೆ, ಮುಂದೆ ಸಾಕ್ಷಿ ಹೇಳಲು ಕೋರ್ಟಿಗೆ ಅಲೆಯಬೇಕಾಗುತ್ತದೆ ಎಂಬ ಅಳುಕು ಡ್ರೈವರ್, ಕಂಡಕ್ಟರುಗಳಿಗೆ ಇದ್ದೇ ಇರುತ್ತದೆ. ಅಂಥ ಟ್ರಿಪ್ಪನ್ನು ಪೂರ್ಣಗೊಂಡದ್ದೆಂದು ಲೆಕ್ಕಕ್ಕೆ ಹಿಡಿಯುವ, ಸಾಕ್ಷಿಗೆ ಹೋದ ದಿನವನ್ನು ಕೆಲಸದ ದಿನವೆಂದೇ ಪರಿಗಣಿಸುವ ಲಿಖಿತ ಆದೇಶ ಪ್ರತಿ ಡಿಪೊದ ಸೂಚನಾ ಫಲಕದಲ್ಲಿರಬೇಕು. ಖಾಸಗಿ ಬಸ್ಸುಗಳ ಮಾಲೀಕರಿಗೂ ಪರ್ಮಿಟ್ಟಿನ ಷರತ್ತಾಗಿ ಇದು ಅನ್ವಯವಾಗಬೇಕು.